ಉಣುಗು ಕಡಿದರೆ

ಮಳೆಗಾಲದಲ್ಲಿ ಮಲೆನಾಡಿಗೆ ಹೋಗಿ ಬಂದವರು ಇಂಬಳದ ಕಥೆ ಹೇಳದೆ ಬಿಡುವುದಿಲ್ಲ. ಇಂಬಳ ಕಾಲಿಗೆ ಹತ್ತಿದ್ದನ್ನೂ ರಕ್ತ ಹೀರಿ ಉಬ್ಬಿದ್ದನ್ನೂ ಬಣ್ಣಿಸುತ್ತಾರೆ. ಇಂಬಳ ಅಸಹ್ಯವಾದ ಹುಳುವೇನೋ ನಿಜ. ಆದರೆ ಪ್ರಾಣ ತೆಗೆಯುವಂಥದಲ್ಲ. ಮಳೆ ನಿಂತು, ನೆಲ ಒಣಗಿ, ಮರಗಳು ಎಲೆ ಉದುರಿಸುವ ಕಾಲದಲ್ಲಿ ಅದೇ ಕಾಡಿನಲ್ಲಿ ಇನ್ನೊಂದು ಜೀವಿ ಕಾದು ಕುಳಿತಿರುತ್ತದೆ. ಅದರ ಕಥೆಯನ್ನು ಯಾರೂ ಹೇಳುವುದಿಲ್ಲ, ಏಕೆಂದರೆ ಅದು ಕಡಿದದ್ದು ಬಹುಮಂದಿಗೆ ತಿಳಿದೇ ಇರುವುದಿಲ್ಲ. ಅದೇ ಉಣುಗು. ಮೈಸೂರಿನ ಕಡೆಯವರು ಇದನ್ನು ಉಣ್ಣೆ ಎನ್ನುತ್ತಾರೆ.

ದನದ ಕಿವಿಯಲ್ಲಿ, ನಾಯಿಯ ಕೊರಳಲ್ಲಿ ಹರಳುಬೀಜದಂತೆ ಉಬ್ಬಿರುವ ಉಣ್ಣೆಯನ್ನು ನಾವೆಲ್ಲರೂ ಕಂಡಿದ್ದೇವೆ. ಅದು ರಕ್ತ ಕುಡಿದು ತುಂಬಿದ ದೊಡ್ಡ ಉಣುಗು. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಅದಲ್ಲ. ಸಾಸಿವೆ ಕಾಳಿನಷ್ಟಿರುವ ಅದರ ಮರಿ. ಉಣುಗು ಹಾರುವುದಿಲ್ಲ, ನೆಗೆಯುವುದೂ ಇಲ್ಲ. ಹುಲ್ಲಿನ ತುದಿಯಲ್ಲೋ ತರಗೆಲೆಯ ಮೇಲೋ ಮುಂಗಾಲು ಚಾಚಿ ಕುಳಿತು, ಹತ್ತಿರ ಸುಳಿದ ಪ್ರಾಣಿಯನ್ನು ಹಿಡಿದುಕೊಳ್ಳುತ್ತದೆ. ಬಳಿಕ ಮೆಲ್ಲನೆ ಮೇಲೆ ಹರಿದು, ಮೆದುವಾದ ಜಾಗ ಹುಡುಕಿ ಬಾಯಿ ಊರುತ್ತದೆ. ಕಡಿತದ ನೋವು ಬಹುಪಾಲು ತಿಳಿಯುವುದೇ ಇಲ್ಲ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಗಾದೆ ಇದಕ್ಕೆ ಒಪ್ಪುತ್ತದೆ. ಕೀರ್ತಿಯ ಬದಲು ಅಪಕೀರ್ತಿ ಎನ್ನಬೇಕು, ಅಷ್ಟೆ.

ಈ ಅಪಕೀರ್ತಿಯ ಒಂದು ಅಧ್ಯಾಯ ನಮ್ಮ ನಾಡಿನದೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಅದೇ ಹೊತ್ತಿನಲ್ಲಿ ಸುತ್ತಣ ಹಳ್ಳಿಗಳ ಜನರು ಘೋರವಾದ ಜ್ವರದಿಂದ ಮಲಗಿದರು. ಆಫ್ರಿಕಾ, ದಕ್ಷಿಣ ಅಮೆರಿಕಗಳ ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂದು ತಜ್ಞರು ಮೊದಲು ಅಂಜಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು ಶೋಧಿಸಿದಾಗ ತಿಳಿದುಬಂದದ್ದು ಬೇರೆ: ಇದು ಅದುವರೆಗೆ ಯಾರೂ ಅರಿಯದಿದ್ದ ವೈರಸ್, ಇದನ್ನು ಹರಡುವುದು ಸೊಳ್ಳೆಯಲ್ಲ, ಉಣುಗು. ವೈದ್ಯಗ್ರಂಥಗಳಲ್ಲಿ ಇದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂದು ಹೆಸರಾಯಿತು. ಜನರ ಬಾಯಲ್ಲಿ ಮಂಗನ ಕಾಯಿಲೆಯಾಯಿತು.

ಈ ಹೆಸರಿನಿಂದ ಒಂದು ತಪ್ಪು ತಿಳಿವಳಿಕೆಯೂ ಹುಟ್ಟಿದೆ. ಮಂಗ ಈ ರೋಗದ ಶತ್ರುಪಕ್ಷದ್ದಲ್ಲ. ನಮಗಿಂತ ಮೊದಲು ಬಲಿಯಾಗುವ ಪ್ರಾಣಿ. ಕರಿಮೂತಿಯ ಮುಸುವ, ಕೆಂಪುಮೂತಿಯ ಮಂಗ ಎರಡೂ ಇದರಿಂದ ಸಾಯುತ್ತವೆ. ಸತ್ತ ಮಂಗದ ಮೈ ತಣ್ಣಗಾದೊಡನೆ ಅದರ ಮೇಲಿದ್ದ ಉಣುಗುಗಳು ಕೆಳಗಿಳಿದು ಸುತ್ತ ಹರಡುತ್ತವೆ. ಆದ್ದರಿಂದ ಕಾಡಿನಲ್ಲಿ ಮಂಗ ಸತ್ತಿದ್ದು ಕಂಡರೆ ಹತ್ತಿರ ಹೋಗದೆ, ಮುಟ್ಟದೆ, ಕೂಡಲೆ ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ತಿಳಿಸಬೇಕು. ಅವರು ಅಲ್ಲಿ ಕೀಟನಾಶಕದ ಪುಡಿ ಎರಚುವ ಏರ್ಪಾಡು ಮಾಡುತ್ತಾರೆ. ರೋಗ ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಅಂಟುವುದಿಲ್ಲ. ರೋಗಿಯ ಆರೈಕೆ ಮಾಡುವವರು ಹೆದರಬೇಕಾಗಿಲ್ಲ.

ಪಟ್ಟಣದಲ್ಲಿರುವ ನಮಗೆ ಇದೆಲ್ಲ ಏಕೆ ಎಂದು ಕೇಳಬಹುದು. ಈ ರೋಗದ ಕಾಲ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಮದುವೆ ಮುಂಜಿಗಳಿಗೆ, ರಜೆಗೆ, ಜೋಗದ ಸೀಮೆ ನೋಡಲು, ಸಿಗಂದೂರಿನ ದೇವಿಯ ದರ್ಶನಕ್ಕೆ ನಾವು ಮಲೆನಾಡಿಗೆ ಹೊರಡುವುದೂ ಆಗಲೇ. ರೋಗವೂ ಈಗ ಒಂದು ತಾಲ್ಲೂಕಿನಲ್ಲಿ ಉಳಿದಿಲ್ಲ. 2012ರಲ್ಲಿ ಬಂಡೀಪುರದ ಕಾಡಿನಲ್ಲಿ ಅದು ಕಾಣಿಸಿತು. ಬಳಿಕ ಕೇರಳದ ವಯನಾಡು, ಗೋವ, ಮಹಾರಾಷ್ಟ್ರದ ಸಿಂಧುದುರ್ಗಗಳಿಗೂ ಹಬ್ಬಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಅದು ಹಲವರನ್ನು ಬಲಿ ತೆಗೆದುಕೊಂಡಿತು.

ಹಳ್ಳಿಯವರ ಕಷ್ಟ ನಮ್ಮದಕ್ಕಿಂತ ದೊಡ್ಡದು. ನಾವು ಕಾಡಿಗೆ ಹೋಗದೆಯೂ ಇರಬಹುದು, ಅವರು ಹೋಗಲೇಬೇಕು. ಸೌದೆ, ಕೊಟ್ಟಿಗೆಗೆ ಹಾಸುವ ತರಗೆಲೆ, ಅಡಿಕೆ ತೋಟದ ಸೊಪ್ಪು, ದನ ಮೇಯಿಸುವ ಕೆಲಸ ಎಲ್ಲವೂ ಅಲ್ಲಿಯೇ. ತರಗೆಲೆಯೊಡನೆ ಉಣುಗು ಮನೆಯಂಗಳಕ್ಕೂ ಬರುತ್ತದೆ.

ಇನ್ನು ಎಚ್ಚರಿಕೆಯ ವಿಷಯ. ಕಾಡಿಗೆ ಹೋಗುವಾಗ ತೋಳು ಪೂರ್ತಿ ಮುಚ್ಚುವ ಅಂಗಿ, ಉದ್ದನೆಯ ಷರಾಯಿ ತೊಟ್ಟು, ಷರಾಯಿಯ ತುದಿಯನ್ನು ಕಾಲುಚೀಲದೊಳಗೆ ಸೇರಿಸಬೇಕು. ಬಟ್ಟೆಯ ಬಣ್ಣ ತಿಳಿಯಾಗಿದ್ದರೆ ಹರಿಯುವ ಹುಳು ಕಣ್ಣಿಗೆ ಬೀಳುತ್ತದೆ. ರೋಗವಿರುವ ಊರುಗಳಲ್ಲಿ ಆರೋಗ್ಯ ಇಲಾಖೆಯವರು ಡೆಪಾ ಎಂಬ ಎಣ್ಣೆಯನ್ನು ಹಂಚುತ್ತಾರೆ. ಹೊರಡುವ ಮುನ್ನ ಅದನ್ನು ಕೈಕಾಲುಗಳಿಗೆ ಹಚ್ಚಿಕೊಂಡು, ಹಿಂದಿರುಗಿದ ಮೇಲೆ ತೊಳೆದುಕೊಳ್ಳಬೇಕು. ಕಣ್ಣಿಗೂ ಗಾಯಕ್ಕೂ ಸೋಕಿಸಬಾರದು. ದಾರಿ ಬಿಟ್ಟು ಪೊದೆಯೊಳಗೆ ನುಗ್ಗುವುದು, ತರಗೆಲೆಯ ಮೇಲೆ ಜಮಖಾನೆ ಹಾಸಿ ಬುತ್ತಿ ಬಿಚ್ಚುವುದು ಈ ಕಾಲದಲ್ಲಿ ಸಲ್ಲದು.

ಎಲ್ಲಕ್ಕಿಂತ ಮುಖ್ಯವಾದದ್ದು ಮನೆಗೆ ಬಂದ ಮೇಲಿನ ಹತ್ತು ನಿಮಿಷ. ಉಟ್ಟ ಬಟ್ಟೆಯನ್ನು ಹಾಸಿಗೆಯ ಮೇಲೆ ಎಸೆಯದೆ ಬಿಸಿನೀರಿಗೆ ಹಾಕಿರಿ. ಸಾಬೂನು ಹಚ್ಚಿ ಸ್ನಾನ ಮಾಡಿರಿ. ಅನಂತರ ಒಳ್ಳೆಯ ಬೆಳಕಿನಲ್ಲಿ ಕಂಕುಳು, ತೊಡೆಯ ಸಂದು, ಮಂಡಿಯ ಹಿಂಭಾಗ, ಸೊಂಟ, ಹೊಕ್ಕುಳು, ಕಿವಿಯ ಹಿಂದೆ, ಕೂದಲ ಬುಡ ಇಷ್ಟನ್ನೂ ನೋಡಿಕೊಳ್ಳಿರಿ. ಮಕ್ಕಳ ಮೈಯನ್ನು ತಾಯಿಯೋ ಅಜ್ಜಿಯೋ ನೋಡಲಿ.

ಉಣುಗು ಕಚ್ಚಿಕೊಂಡಿದ್ದರೆ ಏನು ಮಾಡಬೇಕು? ಬೆಂಕಿಕಡ್ಡಿಯಿಂದ ಸುಡುವುದು, ಸೀಮೆಎಣ್ಣೆ ಸುರಿಯುವುದು, ಸುಣ್ಣವನ್ನೋ ಹೊಗೆಸೊಪ್ಪಿನ ರಸವನ್ನೋ ಹಚ್ಚುವುದು ವಾಡಿಕೆಯಲ್ಲಿದೆ. ಇವು ಬೇಡ. ಹಿಂಸೆಗೊಳಗಾದ ಉಣುಗು ತನ್ನ ಜೊಲ್ಲನ್ನು ಗಾಯದೊಳಗೇ ಉಗುಳಬಹುದು. ಸಣ್ಣ ಮೊನೆಯ ಚಿಮಟದಿಂದ ಅದನ್ನು ಚರ್ಮಕ್ಕೆ ತೀರ ಹತ್ತಿರ, ಬಾಯಿಯ ಬಳಿ ಹಿಡಿದು, ತಿರುಚದೆ, ಜಗ್ಗದೆ, ಒಂದೇ ಸಮನೆ ಮೇಲಕ್ಕೆ ಎಳೆಯಬೇಕು. ಹೊಟ್ಟೆ ಹಿಸುಕಬಾರದು, ತೆಗೆದದ್ದನ್ನು ಉಗುರಿನಿಂದ ಕುಕ್ಕಲೂಬಾರದು. ಬಳಿಕ ಗಾಯವನ್ನೂ ಕೈಯನ್ನೂ ಸಾಬೂನು ನೀರಿನಿಂದ ತೊಳೆದು, ಕಡಿದ ದಿನವನ್ನು ಪಂಚಾಂಗದ ಅಂಚಿನಲ್ಲಿ ಗುರುತು ಹಾಕಿಡಿ.

ಈ ಗುರುತಿಗೆ ಕಾರಣವಿದೆ. ಕಡಿತದ ಬಳಿಕ ಸಾಮಾನ್ಯವಾಗಿ 3ರಿಂದ 8 ದಿನಗಳಲ್ಲಿ ರೋಗ ತಲೆಯೆತ್ತುತ್ತದೆ: ಒಮ್ಮೆಲೇ ಏರುವ ಜ್ವರ, ತಲೆ ಸಿಡಿಯುವ ನೋವು, ಮೈಯೆಲ್ಲ ಜಜ್ಜಿದಂಥ ನೋವು, ಕಣ್ಣು ಕೆಂಪಾಗುವುದು, ವಾಂತಿ, ಕೆಲವರಿಗೆ ಮೂಗು ಒಸಡುಗಳಿಂದ ರಕ್ತ. ಅಷ್ಟು ಹೊತ್ತಿಗೆ ನಾವು ಬೆಂಗಳೂರಿಗೋ ಮೈಸೂರಿಗೋ ಮರಳಿ, ಪ್ರವಾಸವನ್ನು ಮರೆತಿರುತ್ತೇವೆ. ವೈದ್ಯರು ಡೆಂಗೆಯೆಂದೋ ಟೈಫಾಯಿಡ್ ಎಂದೋ ಊಹಿಸಬಹುದು. "ಇಂಥ ದಿನ ಇಂಥ ಕಾಡಿಗೆ ಹೋಗಿದ್ದೆವು" ಎಂಬ ಒಂದು ಮಾತನ್ನು ನಾವಾಗಿಯೇ ಹೇಳಿದರೆ ಅವರ ಯೋಚನೆಯ ದಿಕ್ಕು ಬದಲಾಗುತ್ತದೆ. ಅದೇ ಜ್ವರಕ್ಕೆ ಮೈಮೇಲೆ ಊದುಕಡ್ಡಿಯ ಕೆಂಡ ತಗುಲಿದಂಥ ಕಪ್ಪು ಹಕ್ಕಳೆಯಿದ್ದರೆ, ಅದನ್ನೂ ತೋರಿಸಿರಿ. ಅದು ಉಣುಗಿನ ನಂಟಿನದೇ ಆದ ಒಂದು ಸಣ್ಣ ಹುಳು ಕಡಿದು ಬರುವ ಸ್ಕ್ರಬ್ ಟೈಫಸ್ ಆಗಿರಬಹುದು. ಅದಕ್ಕೆ ಒಳ್ಳೆಯ ಔಷಧವಿದೆ, ತಡವಾಗಬಾರದು, ಅಷ್ಟೆ.

ಮಂಗನ ಕಾಯಿಲೆಗೆ ಅಂಥ ಗುರಿಯಿಟ್ಟ ಮದ್ದಿಲ್ಲ. 1990ರಿಂದ ಕೊಡುತ್ತಿದ್ದ ಲಸಿಕೆಯ ಶಕ್ತಿ ಸಾಲದೆಂದು ಕಂಡು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಆದರೂ ರೋಗ ಬಂದವರಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. ಸಾಯುವವರು ನೂರಕ್ಕೆ 3ರಿಂದ 5 ಮಂದಿ. ಸಕಾಲದಲ್ಲಿ ಆಸ್ಪತ್ರೆ ಸೇರಿ, ದೇಹದ ನೀರು ಬತ್ತದಂತೆ, ರಕ್ತಸ್ರಾವ ಮಿತಿಮೀರದಂತೆ ನೋಡಿಕೊಂಡರೆ ಪ್ರಾಣ ಉಳಿಯುತ್ತದೆ. ಜ್ವರಕ್ಕೆ ಮನೆಯಲ್ಲಿರುವ ಆಸ್ಪಿರಿನ್ ಮಾತ್ರೆಯನ್ನಾಗಲಿ ನೋವಿನ ಮಾತ್ರೆಯನ್ನಾಗಲಿ ನುಂಗಬೇಡಿ. ಅವು ರಕ್ತಸ್ರಾವವನ್ನು ಹೆಚ್ಚಿಸಬಹುದು. ಜ್ವರ ಬಿಟ್ಟಿತೆಂದು ಮೈಮರೆಯಲೂಬೇಡಿ. ಕೆಲವರಿಗೆ ಒಂದೆರಡು ವಾರದ ಮೇಲೆ ಅದು ಮರುಕಳಿಸಿ, ತಲೆನೋವು, ನಡುಕ, ಮಂಕು ಕವಿಯುವುದುಂಟು.

ಕಾಡಿಗೆ ಹೋಗಲೇಬೇಡಿ ಎಂದು ಹೇಳುವುದು ನನ್ನ ಉದ್ದೇಶವಲ್ಲ. ಹೋಗಿಬನ್ನಿ. ಬಂದ ಸಂಜೆ ಮೈ ನೋಡಿಕೊಳ್ಳಿ. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಬಾಯಿಬಿಟ್ಟು ಹೇಳಿ. ಇವೆರಡಕ್ಕೂ ಕಾಸಿನ ಖರ್ಚಿಲ್ಲ.