ಬಂಧುಗಳೊಡನೆ ಪರದೇಶದ ವನವಿಹಾರ



ಪರದೇಶದಲ್ಲಿ ಮನೆಮಾಡಿದವನಿಗೆ ಸ್ವದೇಶದಿಂದ ಬಂಧುಗಳು ಬರುವುದೆಂದರೆ ಹಬ್ಬ. ಮೊದಲನೆಯ ವಾರ ಊರಿನ ಸುದ್ದಿಯಲ್ಲಿ, ಶೇಂಗಾಹೋಳಿಗೆ ಚಟ್ನಿಪುಡಿಗಳ ಗಂಟು ಬಿಚ್ಚುವುದರಲ್ಲಿ ಕಳೆದುಹೋಗುತ್ತದೆ. ಎರಡನೆಯ ವಾರದಲ್ಲಿ ಮಾತ್ರ ಒಂದು ಸಂಗತಿ ಮೆಲ್ಲನೆ ಕಣ್ಣಿಗೆ ಬೀಳುತ್ತದೆ. ಊರಿನಲ್ಲಿ ಹತ್ತು ಮಂದಿಗೆ ಬುದ್ಧಿ ಹೇಳುತ್ತಿದ್ದ ಹಿರಿಯರು ಇಲ್ಲಿ ಸಣ್ಣ ಮಕ್ಕಳಂತೆ ಆಗಿರುತ್ತಾರೆ. ಹನ್ನೆರಡನೆಯ ಅಂತಸ್ತಿನಿಂದ ಕೆಳಗಿಳಿಯಲು ಮೊಮ್ಮಗುವಿನ ಕೈ ಹಿಡಿಯಬೇಕು. ಒಲೆ ಹೊತ್ತಿಸಲು ಸೊಸೆಯನ್ನು ಕೇಳಬೇಕು. ಬೀದಿಯ ಭಾಷೆ ಅವರದಲ್ಲ. ಅಜ್ಜನಿಗೆ ಏನೂ ತಿಳಿಯದೆಂದು ಮೊಮ್ಮಕ್ಕಳು ಭಾವಿಸಿದರೆ ಆಶ್ಚರ್ಯವಿಲ್ಲ. ದೂರವಾಣಿಯ ಕಿರುತೆರೆಯಲ್ಲಿ ಅಜ್ಜನ ಮುಖವನ್ನಷ್ಟೆ ಕಂಡ ಮಕ್ಕಳು, ಅವನ ಕೈಗಳ ಕೆಲಸವನ್ನು ಕಂಡವರಲ್ಲ.

ಇದಕ್ಕೆ ಮದ್ದು ಮನೆಯ ಹೊರಗಿದೆ ಎಂಬುದನ್ನು ನಾನು ಈ ಹೊತ್ತು ತಮ್ಮಲ್ಲಿ ಅರಿಕೆ ಮಾಡಬೇಕೆಂದಿದ್ದೇನೆ. ನಾನು ಹಡಗಲಿ ತಾಲ್ಲೂಕಿನ ಹೊಳಲಿನವನು. ಅಲ್ಲಿಯ ಅನಂತಶಯನನ ಮೂರ್ತಿಯನ್ನು ತಮ್ಮಲ್ಲಿ ಕೆಲವರು ಕಂಡಿರಬಹುದು. ಸಮೀಪದ ಕುರುವತ್ತಿಯ ಮಲ್ಲಿಕಾರ್ಜುನನ ಗುಡಿಯನ್ನೂ ಮೈಲಾರದ ಕಾರಣಿಕವನ್ನೂ ಬಲ್ಲವರು ಬಹುಮಂದಿ. ಜೋಳ, ಈರುಳ್ಳಿ ಬೆಳೆಯುವ ಸೀಮೆ. ತುಂಗಭದ್ರೆಯ ಮಗ್ಗುಲಲ್ಲಿದ್ದರೂ ಮಳೆಗಾಗಿ ಬಾನನ್ನು ನೋಡುವ ಸೀಮೆ. ನನ್ನ ಈಗಿನ ವಾಸ ಸಿಂಗಪುರದಲ್ಲಿ. ಅದು ಸಮಭಾಜಕ ವೃತ್ತಕ್ಕೆ ಒಂದು ಡಿಗ್ರಿಯಷ್ಟು ಉತ್ತರದಲ್ಲಿರುವ ದ್ವೀಪ. ಅಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಮಿಕ್ಕಿ ಮಳೆ. ಅದರ ಮೂರರಲ್ಲೊಂದು ಪಾಲು ನಮ್ಮೂರಿನಲ್ಲಿ ಸುರಿದರೆ ರೈತನು ಕೈಮುಗಿಯುತ್ತಾನೆ. ಇಂತಹ ಎಡೆಗೆ ನನ್ನ ಸೋದರಮಾವನೂ ಅತ್ತೆಯೂ ಒಂದು ತಿಂಗಳ ಮಟ್ಟಿಗೆ ಬಂದಿದ್ದರು. ಮಾವನಿಗೆ ಅರುವತ್ತೆಂಟು ವರ್ಷ. ಬದುಕೆಲ್ಲ ಹೊಲದಲ್ಲಿ ಕಳೆದವರು.

ಸಿಂಗಪುರವೆಂದರೆ ಗಗನಚುಂಬಿ ಸೌಧಗಳ ನಗರವೆಂದೇ ಲೋಕದ ತಿಳಿವಳಿಕೆ. ಆದರೆ ಆ ನಗರದ ನಡುವೆಯೇ ಬುಕಿತ್ ತಿಮಾ ಎಂಬ ಗುಡ್ಡವಿದೆ. ಎತ್ತರ ಸುಮಾರು 163 ಮೀಟರು. ನಮ್ಮ ಕಡೆ ಇದನ್ನು ಗುಡ್ಡವೆನ್ನಲು ಜನ ಹಿಂದೆಮುಂದೆ ನೋಡುವರು. ಆದರೂ ದ್ವೀಪದಲ್ಲಿ ಅದೇ ಅತ್ಯುನ್ನತ ಸ್ಥಳ. 1883ರಷ್ಟು ಹಿಂದೆಯೇ ಮೀಸಲಾದುದರಿಂದ ಪುರಾತನವಾದ ಮಳೆಕಾಡಿನ ಒಂದು ತುಣುಕು ಅಲ್ಲಿ ಉಳಿದುಬಂದಿದೆ. ನಾವು ಮೊದಲು ಹೊರಟುದು ಅಲ್ಲಿಗೆ.

ಮೈಲಾರದ ಜಾತ್ರೆಗೆ ನಡೆದೇ ಹೋಗುತ್ತಿದ್ದ ಮಾವ, ಆ ಗುಡ್ಡವನ್ನು ಕಂಡು ನಕ್ಕರು. ಅರ್ಧ ದಾರಿಯಲ್ಲಿ ಅವರ ಮುಖ ಬಿಳಿಚಿತು. ಅಂಗಿ ನೀರಲ್ಲಿ ಅದ್ದಿದಂತಾಯಿತು. ತಲೆ ಸುತ್ತುವುದೆಂದು ಕುಳಿತುಬಿಟ್ಟರು. ಆ ಹೊತ್ತಿನ ತಾಪ 31 ಡಿಗ್ರಿ ಮಾತ್ರ! ನಮ್ಮೂರಿನ ವೈಶಾಖದಲ್ಲಿ 40 ಡಿಗ್ರಿಯ ಬಿಸಿಲಿನಲ್ಲಿ ದುಡಿದ ದೇಹ ಅದು. ಇದಕ್ಕೆ ಕಾರಣವನ್ನು ತಾವು ಬಲ್ಲಿರಿ. ಮೈಯನ್ನು ತಣಿಸುವುದು ಬೆವರಲ್ಲ, ಬೆವರು ಆರುವುದು. ಒಣಹವೆಯಲ್ಲಿ ಬೆವರು ಹುಟ್ಟಿದೊಡನೆ ಆರುತ್ತದೆ. ಅಲ್ಲಿಯ ಗಾಳಿಯಲ್ಲಿ ತೇವಾಂಶ ಸರಾಸರಿ ನೂರಕ್ಕೆ 80ಕ್ಕೂ ಹೆಚ್ಚು. ಬೆವರು ಹರಿಯುತ್ತದೆ, ಆರುವುದಿಲ್ಲ. ದೇಹದ ನೀರೂ ಉಪ್ಪೂ ಹೋಗುತ್ತವೆ, ತಂಪು ಮಾತ್ರ ದೊರೆಯದು. ಮಾವನ ರುಮಾಲನ್ನು ಬಿಚ್ಚಿ, ನೆರಳಿನಲ್ಲಿ ಒರಗಿಸಿ, ಒದ್ದೆಬಟ್ಟೆಯಿಂದ ಕುತ್ತಿಗೆಯನ್ನು ಒರಸಿ, ಉಪ್ಪು ಸಕ್ಕರೆ ಬೆರೆಸಿ ತಂದಿದ್ದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆವು. ಉಷ್ಣವಲಯದ ಕಾಡಿಗೆ ಹಿರಿಯರನ್ನು ಕರೆದೊಯ್ಯುವವರು ಈ ಮಾತನ್ನು ನೆನಪಿಡಬೇಕು: ಹೊರಡುವುದು ಮುಂಜಾವದಲ್ಲಿ, ನಡೆಯುವುದು ನಿಧಾನವಾಗಿ, ತಿರುಗಿ ಬರುವುದಕ್ಕೆ ನಾಚಿಕೆಯಿಲ್ಲ.

ಕುಳಿತಲ್ಲಿಯೇ ಮಾವ ಚೇತರಿಸಿಕೊಂಡರು. ಆಗ ಅವರು ತಟಕ್ಕನೆ ತಲೆಯೆತ್ತಿ, "ತಮ್ಮಾ, ಹುಳದ ದನಿ ನಿಂತತಿ ನೋಡು" ಎಂದರು. ಅದುವರೆಗೆ ಕಿವಿ ಗಡಚಿಕ್ಕುತ್ತಿದ್ದ ಜೀರುಂಡೆಗಳು ಮೌನವಾಗಿದ್ದವು. ಎಲೆಗಳ ನಡುವೆ ತಣ್ಣನೆಯ ಗಾಳಿ ನುಸುಳಿತು. ಮೇಲೆ ನೋಡಿದರೆ ಕೊಂಬೆಗಳ ಚಪ್ಪರವಲ್ಲದೆ ಬಾನು ಕಾಣದು. ಬಯಲಿನಲ್ಲಿ ಹತ್ತು ಹರಿದಾರಿಯಿಂದಲೆ ಮೋಡವನ್ನು ಓದಬಲ್ಲ ಆ ಮನುಷ್ಯ, ಬಾನಿಲ್ಲದ ಎಡೆಯಲ್ಲಿ ಕಿವಿಯಿಂದಲೂ ಚರ್ಮದಿಂದಲೂ ಅದನ್ನು ಓದಿದರು. ಮಾವನ ತೋಳು ಹಿಡಿದು ಮೆಲ್ಲನೆ ಇಳಿದು ಕೆಳಗಿನ ತಂಗುಮನೆಯನ್ನು ಸೇರಿದೆವು. ಸ್ವಲ್ಪ ಹೊತ್ತಿನಲ್ಲಿಯೆ ಸಿಡಿಲು ಹೊಡೆಯತೊಡಗಿತು. ವರ್ಷದಲ್ಲಿ ಸುಮಾರು 170 ದಿನ ಗುಡುಗುವ ದ್ವೀಪ ಅದು. ಅಲ್ಲಿ ಸಿಡಿಲು ವಿನೋದದ ಮಾತಲ್ಲ. ಗುಡುಗು ಕಿವಿಗೆ ಬಿದ್ದಾಗ ಮರದಡಿ ನಿಲ್ಲಲಾಗದೆಂದು ಮಾವ ಮಕ್ಕಳಿಗೆ ಹೇಳಿದರು. ಮಿಂಚು, ಗುಡುಗು, ಸಿಡಿಲು ಎಂಬ ಮೂರು ಮಾತುಗಳ ಭೇದವನ್ನೂ ಹೇಳಿದರು. ಆ ದೇಶದ ಶಾಲೆಗಳಲ್ಲಿ ಮಾತೃಭಾಷೆಯೆಂದು ಕಲಿಸುವ ಭಾಷೆಗಳಲ್ಲಿ ಕನ್ನಡವಿಲ್ಲ. ನನ್ನ ಮಗಳು ಈ ಮೂರು ಮಾತುಗಳನ್ನು ಕಲಿತುದು ಆ ತಂಗುಮನೆಯಲ್ಲಿ.

ಹಿರಿಯರ ಅರಿವು ಎಲ್ಲ ಕಡೆಯೂ ಸಾಕಾಗುವುದೆಂದು ನಾನು ಹೇಳಲಾರೆ. ಮಳೆ ನಿಂತಮೇಲೆ ಕೋತಿಗಳ ಹಿಂಡೊಂದು ರಸ್ತೆಗಿಳಿಯಿತು. ಆಂಜನೇಯನ ಭಕ್ತೆಯಾದ ಅತ್ತೆ ಚೀಲದಿಂದ ಬಾಳೆಯಹಣ್ಣು ತೆಗೆದರು. ಅಲ್ಲಿ 2020ರಿಂದ ಕಾಡುಪ್ರಾಣಿಗಳಿಗೆ ತಿನ್ನಲು ಕೊಡುವುದು ಕಾನೂನಿನಂತೆ ಅಪರಾಧ. ನನ್ನ ಮಗಳೇ ಮುಂದೆ ಬಂದು, "ಅಜ್ಜಿ, ತಿನ್ನಲು ಕೊಟ್ಟರೆ ಅವು ಮನುಷ್ಯರ ಕೈಯಿಂದ ಕಸಿಯಲು ಕಲಿಯುತ್ತವೆ, ಆಮೇಲೆ ಜನ ಅವನ್ನು ಹಿಡಿಸುತ್ತಾರೆ" ಎಂದಳು. ಅತ್ತೆ ಕ್ಷಣಕಾಲ ಯೋಚಿಸಿ, "ಹಂಗಾದ್ರ ಕೊಡದಿರೋದೇ ಪುಣ್ಯ" ಎಂದು ಹಣ್ಣನ್ನು ಒಳಗಿಟ್ಟರು. ಕಲಿಸುವುದೂ ಕಲಿಯುವುದೂ ಎರಡು ಕಡೆಯಿಂದ ನಡೆಯಿತು.

ಮುಂದಿನ ವಾರ ದ್ವೀಪದ ಉತ್ತರ ತೀರದ ಸುಂಗೈ ಬುಲೋಗೆ ಹೋದೆವು. ಅದು ಉಪ್ಪುನೀರಿನ ಕಾಂಡ್ಲವನ; 1993ರಲ್ಲಿ ಸಾರ್ವಜನಿಕರಿಗೆ ತೆರೆದು, 2002ರಲ್ಲಿ ಮೀಸಲು ಪ್ರದೇಶವಾಯಿತು. ನೀರಿನಿಂದ ಮೇಲಕ್ಕೆದ್ದು ಉಸಿರಾಡುವ ಬೇರುಗಳು, ಕೆಸರಿನ ಮೇಲೆ ಕುಪ್ಪಳಿಸುವ ಮೀನುಗಳು, ಚಳಿಗಾಲದಲ್ಲಿ ಸೈಬೀರಿಯದಷ್ಟು ದೂರದಿಂದ ಬಂದಿಳಿಯುವ ಹಕ್ಕಿಗಳು ಅಲ್ಲಿಯ ಸಂಪತ್ತು. ಕಾಲು ತೊಳೆಯಲೆಂದು ನೀರಿನ ಅಂಚಿಗೆ ಹೊರಟ ಮಾವನನ್ನು ನಾನು ತಡೆದೆ. ತುಂಗಭದ್ರೆಯ ಮೊಸಳೆಯನ್ನು ಅವರು ಬಲ್ಲರು. ಇಲ್ಲಿಯದು ಅಳಿವೆಯ ಮೊಸಳೆ, ಅದಕ್ಕಿಂತ ದೊಡ್ಡದು, ಬಲು ಉಗ್ರ. ಅರ್ಧ ಗಳಿಗೆಯಲ್ಲಿಯೆ ಎದುರು ದಡದ ಕೆಸರಿನಲ್ಲಿ ಮರದ ದಿಮ್ಮಿಯಂತೆ ಮಲಗಿದ್ದ ಒಂದನ್ನು ಅವರೇ ಮೊದಲು ಗುರುತಿಸಿದರು.

ಆದರೆ ಆ ದಿನದ ದೊಡ್ಡ ಸಂಗತಿ ಬೇರೆ. ಹಲಗೆಯ ಕಾಲುದಾರಿಯ ಅಂಚಿನಲ್ಲಿ ಮೀನಿನ ಹುರುಪೆಗಳಿಂದ ಕೂಡಿದ ಹಿಕ್ಕೆ ಬಿದ್ದಿತ್ತು. ಮಕ್ಕಳು ಮೂಗು ಮುಚ್ಚಿದರು. ಮಾವ ಬಗ್ಗಿ ನೋಡಿ, "ಇದು ನೀರುನಾಯಿದು. ಈಗಷ್ಟೆ ಹಾದು ಹೋಗ್ಯಾವು, ಸುಮ್ಮನೆ ಕುಂದರ್ರಿ" ಎಂದರು. ಕುಳಿತೆವು. ನೀರು ಸೀಳಿಕೊಂಡು ಐದು ತಲೆಗಳು ಮೇಲೆದ್ದವು. ಮೀನು ಕಚ್ಚಿ ಬಂದು, ದಡದಲ್ಲಿ ಕರಕರನೆ ಅಗಿದು, ಮರಳಿನಲ್ಲಿ ಹೊರಳಾಡಿ, ಮತ್ತೆ ನೀರಿಗಿಳಿದವು. ನುಣುಪುಗೂದಲಿನ ಈ ನೀರುನಾಯಿಯ ಕುಲ ನಮ್ಮ ಹೊಳೆಯದೂ ಹೌದು; ತುಂಗಭದ್ರೆಯ ಒಂದು ಭಾಗವನ್ನು ಇವುಗಳಿಗಾಗಿಯೆ 2015ರಲ್ಲಿ ಕರ್ನಾಟಕ ಸರಕಾರ ಮೀಸಲಿರಿಸಿತು. ಸಿಂಗಪುರದಲ್ಲಿ ಹೊಳೆಗಳು ಕೊಳಕಾದ ಕಾಲದಲ್ಲಿ ಇವು ಕಾಣದಾಗಿದ್ದವು. 1977ರಿಂದ ಹತ್ತು ವರ್ಷ ಹೊಳೆಯನ್ನು ಶುದ್ಧಮಾಡುವ ಕಾರ್ಯ ನಡೆಯಿತು. 1998ರ ಸುಮಾರಿಗೆ ಇದೇ ಸುಂಗೈ ಬುಲೋದಲ್ಲಿ ಇವು ಮತ್ತೆ ನೆಲೆಸಿದವು. ಈಗ ನಗರದ ನಡುವಿನ ಕಾಲುವೆಗಳಲ್ಲಿಯೂ ಸಂಸಾರಸಮೇತ ಈಜುತ್ತವೆ. ಇದನ್ನು ನಾನು ವಿವರಿಸಿದಾಗ ಮಾವ ಅಂದದ್ದು ಇಷ್ಟೆ: "ನೀರು ತಿಳಿಯಾದ್ರ ಅವು ಕರೀದೇ ಬರ್ತಾವು."

ನನ್ನ ಏಳು ವರ್ಷದ ಮಗ ಆ ಸಂಜೆ ಅಜ್ಜನನ್ನು ಬಿಟ್ಟು ಅಲುಗಲಿಲ್ಲ. ಹೊಳೆ ಎಷ್ಟು ಅಗಲ, ಬಲೆ ಹರಿದ ನೀರುನಾಯಿಯನ್ನು ಮೀನುಗಾರರು ಏನು ಮಾಡುತ್ತಾರೆ, ಹೊಳಲಿನಲ್ಲಿ ಇನ್ನೇನು ಪ್ರಾಣಿಗಳಿವೆ ಎಂದು ಪ್ರಶ್ನೆಗಳ ಸುರಿಮಳೆ. ತನಗೆ ತಿಳಿದಷ್ಟು ಕನ್ನಡದಲ್ಲಿ ಕೇಳಿದ. ತಿಳಿಯದೆಡೆ ಅಕ್ಕನಿಂದ ಮಾತನ್ನು ಎರವಲು ಪಡೆದ. ಲಿಫ್ಟಿನ ಗುಂಡಿಯನ್ನು ಈಗಲೂ ಅವನೇ ಒತ್ತುತ್ತಿದ್ದ. ಆದರೆ ಅಜ್ಜನಿಗೆ ಏನೂ ತಿಳಿಯದೆಂಬ ಭಾವ ಅವನ ಮುಖದಲ್ಲಿ ಮತ್ತೆ ಕಾಣಲಿಲ್ಲ.

ಮಹನೀಯರೆ, ಬಂಧುಗಳು ಬಂದಾಗ ಅಂಗಡಿಬೀದಿಗಳನ್ನೂ ದೀಪಾಲಂಕಾರಗಳನ್ನೂ ತೋರಿಸುವುದು ಸುಲಭ, ತೋರಿಸಬಾರದೆಂದಲ್ಲ. ಆದರೆ ಅಲ್ಲಿ ಅವರು ಬರಿಯ ನೋಟಕರು. ಗುಡ್ಡ, ಕಾಡು, ನೀರುಗಳ ಸನ್ನಿಧಿಯಲ್ಲಿ ಅವರು ಮರಳಿ ಹಿರಿಯರಾಗುತ್ತಾರೆ. ಅವರ ಅರಿವಿನಲ್ಲಿ ಹೊಸ ನೆಲಕ್ಕೆ ಸಲ್ಲುವುದು ಕೆಲವು, ಸಲ್ಲದ್ದು ಕೆಲವು. ಎರಡನ್ನೂ ಮಕ್ಕಳು ಪಕ್ಕದಲ್ಲಿ ನಿಂತು ಕಾಣಬೇಕು. ಊರಿನ ಮಾತು, ಊರಿನ ಹೊಳೆ, ಊರಿನ ಮನುಷ್ಯ ಇವರಿಗೆ ಕತೆಯಾಗಿ ಉಳಿಯಬಾರದೆಂದಿದ್ದರೆ ಇದಕ್ಕಿಂತ ನೇರವಾದ ದಾರಿ ನನಗೆ ಕಾಣದು.

ಊರಿಗೆ ಹಿಂದಿರುಗುವ ಮುನ್ನ ಮಾವ ಮಕ್ಕಳಿಗೆ ಒಂದು ಆಹ್ವಾನವನ್ನಿತ್ತರು: ಬರುವ ರಜೆಯಲ್ಲಿ ಕುರುವತ್ತಿಯ ದಡದಲ್ಲಿ ಮುಂಜಾನೆ ಕುಳಿತು ತುಂಗಭದ್ರೆಯ ನೀರುನಾಯಿಯನ್ನು ಕಾಯುವುದು. ಅದು ಕಾಣಿಸಿಕೊಳ್ಳುವುದೆಂಬ ಭರವಸೆಯನ್ನು ಅವರು ಕೊಡಲಿಲ್ಲ. ಕಾಯುವುದನ್ನು ಕಲಿಸುವೆನೆಂದು ಮಾತ್ರ ಹೇಳಿದರು.