ಕಾಲೇಜಿನ ಆಟಕ್ಕೆ ಯಾರ ಹಣ?
(ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಕೂಡಿದ್ದ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ಮನೆಗೂ ಹೋಗದೆ ನೆಟ್ಟಗೆ ಇಲ್ಲಿಗೆ ಬಂದವರಿದ್ದೀರಿ. ಅಂಗಡಿಯ ಬಾಗಿಲು ಅರ್ಧ ಇಳಿಸಿ ಬಂದವರಿದ್ದೀರಿ. ಕಾಲೇಜು ಹುಡುಗರ ಆಟದ ಬಗ್ಗೆ ದುಡಿಯುವವರ ಸಭೆಯೇ ಎಂದು ಕೆಲವರು ನಕ್ಕರಂತೆ. ನಗಲಿ. ಈ ರಸ್ತೆಯ ಅಂಗಡಿಗಳಿಗೆ ಟೂರ್ನಮೆಂಟಿನ ವರ್ಗಣಿ ಪುಸ್ತಕ ಬರುವುದು ಸುಳ್ಳಲ್ಲ. ನಿಮ್ಮ ಮನೆಯ ಗೋಡೆಯ ಮೊಳೆಗೆ ಚುಚ್ಚಿಟ್ಟ ಫೀ ಪಾವತಿಯಲ್ಲಿ 'ಕ್ರೀಡಾ ಶುಲ್ಕ' ಎಂಬ ಸಾಲು ಇರುವುದೂ ಸುಳ್ಳಲ್ಲ. ಆ ಸಾಲಿನ ಹಣ ಮೈದಾನ ಮುಟ್ಟಿತೇ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?

ನಾವು ಮಾಸ್ತರಿಕೆ ಮಾಡುತ್ತಿದ್ದಾಗಿನ ಮಾತು. ಶಾಲೆಗೆಲ್ಲ ಇದ್ದದ್ದು ಒಂದೇ ಚೆಂಡು. ಮಳೆಗಾಲದಲ್ಲಿ ಅದು ಒಡೆಯಿತು. ಹೊಸದು ಕೇಳಿದರೆ ದುಡ್ಡಿಲ್ಲವೆಂಬ ಉತ್ತರ ಬಂತು. ಆ ವರ್ಷವೂ ಆಟದ ಶುಲ್ಕ ವಸೂಲಾಯಿತು. ವಸೂಲು ಮಾಡಿ ಪಾವತಿಗೆ ಸಹಿ ಹಾಕಿದವರು ನಾವೇ. ಹುಡುಗರು ಹರಕು ಬಟ್ಟೆಯ ಉಂಡೆ ಕಟ್ಟಿ ಆಡಿದರು. ನಾವು ನೋಡುತ್ತ ನಿಂತೆವು. ಆ ನಾಚಿಕೆ ಇನ್ನೂ ಹೋಗಿಲ್ಲ. ಈಗ ಈ ವಿಷಯ ಎತ್ತಿದ್ದಕ್ಕೆ ಅದೂ ಒಂದು ಕಾರಣ.

ಮೊದಲು ವ್ಯಾಪಾರಿ ಅಣ್ಣಂದಿರ ಲೆಕ್ಕ ನೋಡೋಣ. ನೀವು ಕಾಲೇಜಿಗೆ ದೇಣಿಗೆ ಕೊಡುತ್ತೀರಿ. ನಿಮ್ಮ ಹೆಸರನ್ನು ಕೃತಜ್ಞತೆಗಾಗಿ ಕಲ್ಲಿನ ಮೇಲೆ ಕೆತ್ತಿಸಿದರೆ ಅದಕ್ಕೆ ಜಿಎಸ್‌ಟಿ ಇಲ್ಲವೆಂದು 2019ರ ಅಕ್ಟೋಬರಿನಲ್ಲಿ ಸರಕಾರವೇ ಸುತ್ತೋಲೆ ಹೊರಡಿಸಿದೆ. ಅದೇ ಮೈದಾನದ ಬೇಲಿಗೆ ನಿಮ್ಮ ಅಂಗಡಿಯ ಜಾಹೀರಾತಿನ ಫಲಕ ಕಟ್ಟಿಸಿದರೆ ಅದು ದಾನವಲ್ಲ, ಪ್ರಾಯೋಜಕತ್ವ. ಸಂಸ್ಥೆ ಜಿಎಸ್‌ಟಿ ನೋಂದಣಿಯಲ್ಲಿದ್ದರೆ ಶೇಕಡಾ 18 ಬೀಳುತ್ತದೆ. ಅಂತರ ವಿಶ್ವವಿದ್ಯಾಲಯ ಕ್ರೀಡಾ ಮಂಡಳಿಯ ಪಂದ್ಯಗಳ ಪ್ರಾಯೋಜಕತ್ವಕ್ಕೆ ಮಾಫಿ ಉಂಟು. ನಮ್ಮೂರ ಕಾಲೇಜು ತಾನೇ ನಡೆಸುವ ಪಂದ್ಯಕ್ಕೆ ಆ ಮಾಫಿ ಇಲ್ಲ. ಆಟದ ಸಾಮಾನಿನ ಅಂಗಡಿಯವರು ಹತ್ತು ಚೆಂಡು ಪುಕ್ಕಟೆ ಕೊಟ್ಟರೆ, ಅವುಗಳ ಮೇಲೆ ಕಟ್ಟಿದ ತೆರಿಗೆಯನ್ನು ಮುರಿದುಕೊಳ್ಳಲೂ ಬರುವುದಿಲ್ಲ. ಆದಾಯ ತೆರಿಗೆಯಲ್ಲಿ ದೇಣಿಗೆಗೆ ವಿನಾಯಿತಿ ಸಿಕ್ಕೀತೆಂದು ನಂಬಿದ್ದೀರಾ? 2,000 ರೂಪಾಯಿ ಮೀರಿ ನಗದು ಕೊಟ್ಟಿದ್ದರೆ ಅದು ಸಿಗದು. ಹೊಸ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗಂತೂ ಆ ವಿನಾಯಿತಿಯೇ ಇಲ್ಲ.

ಇನ್ನು ಹುಡುಗರ ಲೆಕ್ಕ. ಚೆಂಡು, ಬ್ಯಾಟುಗಳ ಮೇಲಿನ ತೆರಿಗೆಯನ್ನು 2025ರ ಸಪ್ಟಂಬರ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿಸಿದರು. ಒಳ್ಳೆಯದೇ ಆಯಿತು, ಒಳ್ಳೆಯದನ್ನು ಒಳ್ಳೆಯದೆನ್ನಲು ನಮಗೆ ಸಂಕೋಚವಿಲ್ಲ. ಆದರೆ ಓಟದ ಬೂಟಿನ ಬೆಲೆ 2,500 ರೂಪಾಯಿ ದಾಟಿತೋ, ಶೇಕಡಾ 18. ಕಾಲೇಜಿನ ಫೀಗೆ ಜಿಎಸ್‌ಟಿ ಇಲ್ಲ. ಹಾಗಾಗಿ ಕಾಲೇಜು ಕೊಂಡ ಚೆಂಡಿನ ತೆರಿಗೆಯನ್ನು ಅಂಗಡಿಕಾರರಂತೆ ಮುರಿದುಕೊಳ್ಳಲು ಅದಕ್ಕೂ ದಾರಿಯಿಲ್ಲ. ಅದು ಕೊನೆಗೆ ಬಂದು ಕೂಡುವುದು ಆ ಕ್ರೀಡಾ ಶುಲ್ಕದ ತಲೆಯ ಮೇಲೆಯೇ.

ಈಗ ಮೇಲಿನವರ ಲೆಕ್ಕ. ಶಿಕ್ಷಣ ಸಂಸ್ಥೆಗಳ ಟ್ರಸ್ಟುಗಳು ಧರ್ಮಾರ್ಥ ಸಂಸ್ಥೆಗಳೆಂದು ಆದಾಯ ತೆರಿಗೆಯಿಂದ ಹೊರಗಿವೆ. ಕಲಿಸುವವರಿಗೆ ಆ ಅನುಕೂಲ ಇರಲೇಬೇಕು. ಬದಲಿಗೆ ಕಾಯದೆ ಕೇಳುವುದೇನು? ಆದಾಯದ ಶೇಕಡಾ 85 ಪಾಲನ್ನಾದರೂ ಉದ್ದೇಶಕ್ಕೆ ವೆಚ್ಚ ಮಾಡಿರಿ ಎಂದು. ಆದರೆ ಕಾಯದೆಯ ಕಣ್ಣಿಗೆ ಚೆಂಡಿನ ಖರ್ಚೂ ಖರ್ಚೇ, ಕಾಲೇಜಿನ ಮಹಾದ್ವಾರದ ಖರ್ಚೂ ಖರ್ಚೇ! ದ್ವಾರ ಏಳುತ್ತದೆ, ಮೈದಾನದಲ್ಲಿ ಮುಳ್ಳುಗಂಟಿ ಬೆಳೆಯುತ್ತದೆ, ಲೆಕ್ಕ ಮಾತ್ರ ಸರಿಯಾಗಿರುತ್ತದೆ.

ಕ್ರಿಕೆಟ್ಟಿನ ಕಥೆ ಇನ್ನೂ ದೊಡ್ಡದು. ಐಪಿಎಲ್ ನಡೆಸಿದರೂ ಕ್ರಿಕೆಟ್ ಮಂಡಳಿ ಧರ್ಮಾರ್ಥ ಸಂಸ್ಥೆಯೇ ಎಂದು ಮುಂಬಯಿಯ ತೆರಿಗೆ ನ್ಯಾಯಮಂಡಳಿ 2021ರಲ್ಲಿ ತೀರ್ಪಿತ್ತಿತು. 2022ರ ಅಕ್ಟೋಬರ 19ರಂದು ಸುಪ್ರೀಮ್ ಕೋರ್ಟು ರಾಜ್ಯ ಕ್ರಿಕೆಟ್ ಸಂಸ್ಥೆಗಳ ವಿನಾಯಿತಿಯನ್ನು ಹೊಸದಾಗಿ ಪರಿಶೀಲಿಸಿರೆಂದಿತು. ಅದೇ ದಿನ ಇನ್ನೊಂದು ತೀರ್ಪಿನಲ್ಲಿ, ವಿನಾಯಿತಿ ಬೇಡುವ ಶಿಕ್ಷಣ ಸಂಸ್ಥೆಗೆ ಶಿಕ್ಷಣವೊಂದೇ ಉದ್ದೇಶವಾಗಿರಬೇಕು, ಲಾಭ ಗುರಿಯಾಗಬಾರದು ಎಂದೂ ಹೇಳಿತು.

ಅಮೇರಿಕದಲ್ಲಿ ಕಾಲೇಜಿನ ಫುಟ್‌ಬಾಲಿಗೆ ದಾನ ಕೊಟ್ಟು ಒಳ್ಳೆಯ ಕುರ್ಚಿಯ ಹಕ್ಕು ಪಡೆದ ಶ್ರೀಮಂತರು, ಆ ದಾನದ ನೂರಕ್ಕೆ 80 ಪಾಲನ್ನು ತೆರಿಗೆಯ ಲೆಕ್ಕದಿಂದ ಕಳೆಯುತ್ತಿದ್ದರು. 2017ರ ಕಾಯದೆ ಅದನ್ನು ನಿಲ್ಲಿಸಿತು. ಮೈ ಮುರಿದು ಆಡಿದ ಹುಡುಗರಿಗೆ ಕಾಲೇಜುಗಳು ನೇರವಾಗಿ ಹಣ ಕೊಡಲು ಒಪ್ಪಿಗೆ ಸಿಕ್ಕಿದ್ದು 2025ರ ಜೂನಿನಲ್ಲಿ, ಅದೂ ಕೋರ್ಟಿನ ಕಟ್ಟೆ ಹತ್ತಿದ ಮೇಲೆ. ನೋಡಿದವನಿಗೆ ರಿಯಾಯಿತಿ ಮೊದಲು, ಆಡಿದವನಿಗೆ ಕೂಲಿ ಆಮೇಲೆ!

ನಮ್ಮ ಮಕ್ಕಳು ಅಷ್ಟೆಲ್ಲ ಕೇಳುತ್ತಿಲ್ಲ. ರೈಲ್ವೆಯಲ್ಲಿ ಕ್ರೀಡಾ ಕೋಟಾದ ನೌಕರಿಗಳಿವೆ, ರೈಲ್ವೆ ವಲಯದ ಕಚೇರಿ ನಮ್ಮ ಹುಬ್ಬಳ್ಳಿಯಲ್ಲೇ ಇದೆ. ಕಾರ್ಮಿಕನ ಮಗಳು ಕಬಡ್ಡಿ ಆಡಿ ಆ ನೌಕರಿ ಹಿಡಿಯಬೇಕಾದರೆ ಅವಳಿಗೆ ಮೊದಲು ಕಲ್ಲು ಆಯ್ದ ಒಂದು ಅಂಕಣ ಬೇಕು. ಅದಕ್ಕೆ ಅವಳ ತಂದೆ ಶುಲ್ಕ ಕಟ್ಟಿಯಾಗಿದೆ. ಟ್ರಸ್ಟಿಗೆ ಸರಕಾರ ಬಿಟ್ಟ ತೆರಿಗೆಯಲ್ಲಿಯೂ ಅವನ ಪಾಲಿದೆ, ಏಕೆಂದರೆ ಅಲ್ಲಿ ಬಿಟ್ಟದ್ದನ್ನು ಅವನು ಕೊಳ್ಳುವ ಸಾಬೂನಿನ ಮೇಲೆ ವಸೂಲು ಮಾಡುತ್ತಾರೆ. ಹೀಗೆ ಎರಡು ಸಲ ಕೊಟ್ಟವನು ಒಂದು ಸಲವಾದರೂ ಲೆಕ್ಕ ಕೇಳಬಾರದೇ?

ಸರಕಾರಿ ಕಾಲೇಜು, ಅನುದಾನಿತ ಕಾಲೇಜು ಆದರೆ 2005ರ ಮಾಹಿತಿ ಹಕ್ಕು ಕಾಯದೆಯಿದೆ. ಹತ್ತು ರೂಪಾಯಿ ಕಟ್ಟಿ, ಕ್ರೀಡಾ ಶುಲ್ಕ ಎಷ್ಟು ಬಂತು, ಯಾವುದಕ್ಕೆ ಹೋಯಿತು ಎಂದು ಬರೆದು ಕೇಳಬಹುದು. ಅನುದಾನವಿಲ್ಲದ ಖಾಸಗಿ ಕಾಲೇಜುಗಳಲ್ಲಿ ದಾರಿ ಅಷ್ಟು ಸಲೀಸಲ್ಲ. ಅಲ್ಲಿ ಪಾಲಕರೇ ಗುಂಪಾಗಿ ಹೋಗಬೇಕು. ವರ್ಗಣಿ ಕೊಡುವ ವ್ಯಾಪಾರಿಗಳು, ಹೋದ ವರ್ಷದ ಖರ್ಚಿನ ಪಟ್ಟಿ ತೋರಿಸಿರಿ, ಆಮೇಲೆ ಈ ವರ್ಷದ ಪುಸ್ತಕ ಬಿಚ್ಚಿರಿ ಎನ್ನಲಿ.

ಬರುವ ರವಿವಾರ ಇದೇ ಜಾಗದಲ್ಲಿ ಸೇರುತ್ತೇವೆ. ಅರ್ಜಿ ಬರೆಯಲು ಕಾಗದ, ಪೆನ್ನು ನಾವು ತರುತ್ತೇವೆ. ನೀವು ಮಕ್ಕಳ ಫೀ ಪಾವತಿ ತನ್ನಿರಿ.