ಅಕ್ಕಿಯ ಲೆಕ್ಕ, ನೀರಿನ ಸಾಲ

(ಗಿರಣಿ ಕಾರ್ಮಿಕರು ಮತ್ತು ಅಂಗಡಿಕಾರರ ಸಭೆಯಲ್ಲಿ ಮಾಡಿದ ಭಾಷಣ)



ಅಕ್ಕಿಯ ಬೆಲೆಯ ವಿಚಾರವಾಗಿ ನಾಲ್ಕು ಮಾತು ಆಡಬೇಕೆಂದು ನೀವು ಕರೆದಿರಿ. ನಾವು ಬೆಲೆಯಿಂದ ಆರಂಭಿಸದೆ ಬಾವಿಯಿಂದ ಆರಂಭಿಸುತ್ತೇವೆ. ಕ್ಷಮಿಸಬೇಕು, ಮೇಷ್ಟ್ರಾಗಿದ್ದವರ ಅಭ್ಯಾಸ, ಬುಡದಿಂದಲೇ ಪಾಠ ಹಿಡಿಯುತ್ತೇವೆ.

ನಾವು ಪಾಠ ಹೇಳುತ್ತಿದ್ದ ಶಾಲೆಯ ಅಂಗಳದಲ್ಲಿ ಒಂದು ಕೈಪಂಪು ಇತ್ತು. ಪಕ್ಕದ ಹೊಲದಲ್ಲಿ ಅನುಕೂಲಸ್ಥರೊಬ್ಬರು ಆಳದ ಕೊಳವೆ ಬಾವಿ ಕೊರೆಸಿದರು. ಎರಡನೆಯ ಬೇಸಿಗೆಗೆ ನಮ್ಮ ಪಂಪು ಗಾಳಿ ಉಗುಳಿತು. ಮಕ್ಕಳು ಮನೆಯಿಂದ ಸೀಸೆಯಲ್ಲಿ ನೀರು ತರತೊಡಗಿದರು. ಯಾರೂ ಯಾರ ನೀರನ್ನೂ ಕದ್ದಿರಲಿಲ್ಲ, ಕಾನೂನು ಮುರಿದಿರಲಿಲ್ಲ. ಆದರೂ ಇಡೀ ಶಾಲೆಯ ನೀರು ಒಂದು ಹೊಲಕ್ಕೆ ಹೋಯಿತು. ಈ ಸಣ್ಣ ಕಥೆಯೇ ಒಂದು ರಾಜ್ಯದ ಉದ್ದಗಲಕ್ಕೆ ಹಬ್ಬಿದರೆ ಏನಾಗುತ್ತದೆ? ಅದನ್ನು ತಿಳಿಯಲು ಪಂಜಾಬಿನತ್ತ ನೋಡಬೇಕು.

ಪಂಜಾಬು ಮೊದಲು ಗೋಧಿ, ಮೆಕ್ಕೆಜೋಳ, ಕಡಲೆಗಳ ನಾಡಾಗಿತ್ತು. ಅಲ್ಲಿಯ ಜನ ರೊಟ್ಟಿ ತಿನ್ನುವವರು. 1960-61ರಲ್ಲಿ ಅಲ್ಲಿ ಭತ್ತ ಬೆಳೆದದ್ದು ಸುಮಾರು 2.27 ಲಕ್ಷ ಹೆಕ್ಟೇರಿನಲ್ಲಿ ಮಾತ್ರ. ಇಂದು 30 ಲಕ್ಷ ಹೆಕ್ಟೇರಿಗೂ ಮೀರಿದೆ. ತಾವು ತಿನ್ನದ ಬೆಳೆಯನ್ನು ಅವರು ಏಕೆ ಬೆಳೆದರು? ನಾವು ಕೇಳಿದ್ದರಿಂದ! 1965 ಮತ್ತು 1966ರ ಬರಗಾಲಗಳಲ್ಲಿ ದೇಶವು ಅಮೆರಿಕದ ಹಡಗುಗಳ ಗೋಧಿಗೆ ಕೈಯೊಡ್ಡಿ ನಿಂತಿತ್ತು. 1965ರಲ್ಲಿ ಭಾರತೀಯ ಆಹಾರ ನಿಗಮ ಹುಟ್ಟಿತು. ಮರುವರ್ಷ ಐಆರ್ 8 ಎಂಬ ಗಿಡ್ಡ ತಳಿಯ ಭತ್ತ ಬಂತು. ಬೆಳೆದದ್ದನ್ನು ಗೊತ್ತಾದ ಬೆಲೆಗೆ ಸರ್ಕಾರವೇ ಕೊಳ್ಳುತ್ತದೆಂಬ ಭರವಸೆ ದೊರೆಯಿತು. ಹಾಗೆ ಬೆಳೆದ ಅಕ್ಕಿ ನಾಡಿನ ನ್ಯಾಯಬೆಲೆ ಅಂಗಡಿಗಳಿಗೆ ಹರಿಯಿತು. ಆದುದರಿಂದ ಪಂಜಾಬಿನ ರೈತನನ್ನು ದೂರಲು ನಾವು ಇಲ್ಲಿ ನಿಂತಿಲ್ಲ. ಅವನ ಋಣ ನಮ್ಮ ತಟ್ಟೆಯಲ್ಲಿದೆ.

ಆದರೆ ಭತ್ತಕ್ಕೆ ನಿಂತ ನೀರು ಬೇಕು. ಕಾಲುವೆಯ ನೀರು ಸಾಲದಾಯಿತು, ಕೊಳವೆ ಬಾವಿಗಳು ಬಂದವು. 1970-71ರಲ್ಲಿ ಸುಮಾರು 2 ಲಕ್ಷವಿದ್ದ ಬಾವಿಗಳು ಇಂದು ಸುಮಾರು 14 ಲಕ್ಷ. ಮೊದಮೊದಲು ಇದರಿಂದ ಒಳ್ಳೆಯದೇ ಆಯಿತೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಕಾಲುವೆಗಳ ಸೋರಿಕೆಯಿಂದ ಜೌಗು ಹಿಡಿದಿದ್ದ ಭೂಮಿಯ ನೀರು ಇಳಿದು, ನೆಲ ಉಳುಮೆಗೆ ಬಂತು. ಔಷಧಿ ರೋಗಿಗೆ ಹಿತವಾಯಿತು. ಆದರೆ ರೋಗ ವಾಸಿಯಾದ ಮೇಲೂ ಸೀಸೆಗಟ್ಟಲೆ ಕುಡಿಯುತ್ತ ಹೋದರು.

ಇಲ್ಲೊಂದು ಸೂಕ್ಷ್ಮವಿದೆ. ಗದ್ದೆಯಲ್ಲಿ ನಿಲ್ಲಿಸಿದ ನೀರೆಲ್ಲ ನಷ್ಟವಲ್ಲ. ಒಂದು ಪಾಲು ಮತ್ತೆ ನೆಲಕ್ಕೆ ಇಂಗುತ್ತದೆ. ತಿರುಗಿ ಬಾರದಂತೆ ಹೋಗುವುದು ಪೈರು ಹೀರಿ ಬಿಟ್ಟದ್ದು ಮತ್ತು ಬಿಸಿಲಿಗೆ ಆವಿಯಾದದ್ದು. ಮಳೆಗೆ ಮೊದಲೇ, ಮೇ ತಿಂಗಳ ಸುಡುಬಿಸಿಲಿನಲ್ಲಿ ನಾಟಿ ಮಾಡಿದರೆ ಈ ನಷ್ಟ ಅತಿಯಾಗುತ್ತದೆ. ಇದನ್ನರಿತೇ ಪಂಜಾಬ್ ಸರ್ಕಾರವು 2009ರಲ್ಲಿ ಕಾನೂನು ಮಾಡಿ, ಜೂನ್ 10ಕ್ಕೆ ಮುಂಚೆ ನಾಟಿ ಕೂಡದೆಂದು ವಿಧಿಸಿತು. ಆದರೆ ನಾಟಿ ತಡವಾದಂತೆ ಕೊಯ್ಲೂ ತಡವಾಯಿತು. ಗೋಧಿ ಬಿತ್ತನೆಗೆ ಕೆಲವೇ ದಿನ ಉಳಿದು, ಗದ್ದೆಯ ಕೂಳೆಗೆ ಬೆಂಕಿಯಿಡುವುದು ಹೆಚ್ಚಿತು. ಒಂದು ಗಂಟು ಬಿಚ್ಚಿದರೆ ಇನ್ನೊಂದು ಬಿಗಿಯಾಯಿತು.

ಅಂಗಡಿಕಾರ ಮಿತ್ರರೇ, ಈಗ ನಿಮ್ಮ ಖಾತೆಪುಸ್ತಕದ ಭಾಷೆಯಲ್ಲಿ ಹೇಳುತ್ತೇವೆ. ವರ್ಷಕ್ಕೆ ನೂರು ರೂಪಾಯಿ ಹುಟ್ಟುವಳಿಯಿರುವ ಅಂಗಡಿಯಿಂದ ಮನೆಖರ್ಚಿಗೆ 164 ರೂಪಾಯಿ ತೆಗೆದರೆ ಆ ಅಂಗಡಿ ಎಷ್ಟು ದಿನ ನಿಂತೀತು? 2023ರ ಸರ್ಕಾರಿ ಅಂದಾಜಿನಲ್ಲಿ ಪಂಜಾಬಿನ ಅಂತರ್ಜಲದ ಲೆಕ್ಕ ಇದೇ. ವರ್ಷಕ್ಕೆ ತೆಗೆಯಬಹುದಾದದ್ದು ನೂರಾದರೆ, ತೆಗೆದದ್ದು ಸುಮಾರು 164. 153 ಬ್ಲಾಕುಗಳಲ್ಲಿ 117 'ಅತಿಬಳಕೆ'ಯ ಪಟ್ಟಿಗೆ ಸೇರಿದವು. ಉಪಗ್ರಹದಿಂದ ಅಳೆದು 2009ರಲ್ಲಿ ಪ್ರಕಟವಾದ ಲೆಕ್ಕದಂತೆ, 2002ರ ಆಗಸ್ಟಿನಿಂದ 2008ರ ಅಕ್ಟೋಬರಿನವರೆಗೆ ಪಂಜಾಬ್, ಹರಿಯಾಣ, ರಾಜಸ್ಥಾನಗಳ ನೆಲದಡಿಯಿಂದ ಕರಗಿದ ನೀರು 109 ಘನ ಕಿಲೋಮೀಟರ್. ನಮ್ಮ ಕನ್ನಂಬಾಡಿ ಕಟ್ಟೆಯನ್ನು ಎಪ್ಪತ್ತಕ್ಕೂ ಹೆಚ್ಚು ಸಲ ತುಂಬುವಷ್ಟು! ಆ ವರ್ಷಗಳಲ್ಲಿ ಅಲ್ಲಿ ಮಳೆಯೇನೂ ಕೈಕೊಟ್ಟಿರಲಿಲ್ಲ.

ಈಗ ನಮ್ಮ ಮುಖ್ಯ ಪ್ರಶ್ನೆ. ನೀರು ಇಳಿದಾಗ ಎಲ್ಲರೂ ಸಮನಾಗಿ ನೋಯುತ್ತಾರೆಯೇ? ಇಲ್ಲ. ನೀರು ಮೇಲಿದ್ದಾಗ ಚಿಕ್ಕ ಪಂಪು ಸಾಕಾಗಿತ್ತು. ಅದು ಆಳಕ್ಕೆ ಹೋದಮೇಲೆ ಹೊಸ ಬಾವಿ, ನೀರಿನಲ್ಲಿ ಮುಳುಗಿ ನಡೆಯುವ ದೊಡ್ಡ ಮೋಟಾರು ಬೇಕು. ಇಪ್ಪತ್ತು ಎಕರೆಯವನು ಕೊರೆಸುತ್ತಾನೆ. ಎರಡು ಎಕರೆಯವನು ಸಾಲ ಮಾಡುತ್ತಾನೆ, ಇಲ್ಲವೇ ನೆರೆಯವನಿಂದ ನೀರು ಕೊಳ್ಳುತ್ತಾನೆ, ಇಲ್ಲವೇ ಹೊಲವನ್ನೇ ಗುತ್ತಿಗೆಗೆ ಕೊಟ್ಟು ಕೂಲಿಗೆ ನಡೆಯುತ್ತಾನೆ. 1997ರಲ್ಲಿ ಅಲ್ಲಿ ರೈತರ ಪಂಪಿಗೆ ವಿದ್ಯುಚ್ಛಕ್ತಿಯನ್ನು ಉಚಿತ ಮಾಡಿದರು. ನಡುವೆ ಕೆಲಕಾಲ ನಿಂತು 2005ರಲ್ಲಿ ಮತ್ತೆ ಬಂತು. ಬಡವರ ಹೆಸರಿನ ಸಹಾಯವೇ ಸರಿ. ಆದರೆ ಸಹಾಯ ಹೋಗುವುದು ಮೋಟಾರಿಗೆ, ಮನುಷ್ಯನಿಗಲ್ಲ. ಎರಡು ದೊಡ್ಡ ಮೋಟಾರು ಇದ್ದವನಿಗೆ ಹೆಚ್ಚು, ಒಂದು ಚಿಕ್ಕದಿದ್ದವನಿಗೆ ಕಡಿಮೆ. ಬಿಹಾರದಿಂದ ಬಂದು ಕೆಸರಿನಲ್ಲಿ ಬೆನ್ನು ಬಗ್ಗಿಸಿ ನಾಟಿ ಮಾಡುವ ಕೂಲಿಗೆ ಏನೂ ಇಲ್ಲ. ಆ ಹಣ ಬರುವುದು ಬೊಕ್ಕಸದಿಂದ. ಬೊಕ್ಕಸಕ್ಕೆ ಬರುವುದು ಅಲ್ಲಿಯ ಕಾರ್ಮಿಕನು ಕೊಳ್ಳುವ ಸಾಬೂನಿನ ಮೇಲಿನ ತೆರಿಗೆಯಿಂದಲೂ ಹೌದು.

"ದೂರದ ಪಂಜಾಬು, ನಮಗೇನು?" ಎಂದು ಯಾರಾದರೂ ಕೇಳಬಹುದು. 2023ರ ಜೂನ್ ತಿಂಗಳನ್ನು ನೆನೆಯಿರಿ. ಅನ್ನಭಾಗ್ಯಕ್ಕೆ ಹೆಚ್ಚುವರಿ ಅಕ್ಕಿ ಬೇಕೆಂದಾಗ ಕೇಂದ್ರ ಸರ್ಕಾರವು ರಾಜ್ಯಗಳಿಗೆ ಮುಕ್ತ ಮಾರುಕಟ್ಟೆ ಯೋಜನೆಯ ಮಾರಾಟವನ್ನೇ ನಿಲ್ಲಿಸಿತು. ನಮ್ಮ ಸರ್ಕಾರ ಬೇರೆ ರಾಜ್ಯಗಳ ಬಾಗಿಲು ತಟ್ಟಿತು. ಕೊನೆಗೆ ಜುಲೈಯಿಂದ ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ ಹಣ ಕೊಟ್ಟಿತು. ಉಗ್ರಾಣದ ಕೀಲಿ ಎಲ್ಲಿದೆಯೆಂಬುದು ಅಂದು ತಿಳಿಯಿತು. ಬಾವಿಗಳು ಬತ್ತುತ್ತಿರುವ ನಾಡಿನ ಬೆಳೆಯನ್ನು ನಂಬಿ ಕೋಟ್ಯಂತರ ಜನರ ಪಡಿತರವನ್ನು ಎಷ್ಟು ಕಾಲ ನಡೆಸಬಹುದು?

ಪಂಜಾಬಿನ ನೆಲ ನೂರಾರು ಅಡಿ ಆಳದವರೆಗೆ ನದಿಗಳು ತಂದ ಮೆಕ್ಕಲು, ಮರಳು. ನೀರು ಹಿಡಿಯುವ ನೆಲ. ನಮ್ಮ ಬಯಲುಸೀಮೆಯದು ಗಟ್ಟಿ ಕಲ್ಲು, ನೀರಿರುವುದು ಬಿರುಕುಗಳಲ್ಲಿ. ಆ ದೊಡ್ಡ ಕಣಜಕ್ಕೇ ಈ ಗತಿಯಾದರೆ ನಮ್ಮ ಗಡಿಗೆಯ ಗತಿಯೇನು? ಕೋಲಾರದ ರೈತರನ್ನು ಕೇಳಿ. ಅಲ್ಲಿ ಕುಡಿದದ್ದು ಭತ್ತವಲ್ಲ, ಬೇರೆ ಬೆಳೆಗಳು. ಆದರೆ ಬತ್ತಿದ ಬಾವಿಯ ಪಾಠ ಒಂದೇ.

ಹಾಗಾದರೆ ಏನು ಮಾಡಬೇಕು? "ರೈತರೇ, ಭತ್ತ ಬಿಡಿ" ಎಂದು ಉಪದೇಶಿಸುವುದು ಸುಲಭ. 1986ರಲ್ಲೇ ಅರ್ಥಶಾಸ್ತ್ರಜ್ಞ ಜೋಹಲ್ ಅವರ ಸಮಿತಿಯು ಗೋಧಿ-ಭತ್ತದ ಭೂಮಿಯಲ್ಲಿ ಐದನೆಯ ಒಂದು ಪಾಲನ್ನು ಬೇರೆ ಬೆಳೆಗಳಿಗೆ ತಿರುಗಿಸಲು ಹೇಳಿತ್ತು. ತಿರುಗಲಿಲ್ಲ. ಏಕೆ? ಮೆಕ್ಕೆಜೋಳಕ್ಕೂ ಬೇಳೆಗೂ ಬೆಂಬಲ ಬೆಲೆ ಕಾಗದದ ಮೇಲಿತ್ತು, ಕೊಳ್ಳುವವರು ಕಣದಲ್ಲಿರಲಿಲ್ಲ. ಭತ್ತಕ್ಕೆ ಕೊಳ್ಳುವವರಿದ್ದರು. ಸಾಲಗಾರ ರೈತನು ಉಪದೇಶವನ್ನು ಬಿತ್ತಲಾರ, ಮಾರಾಟವಾಗುವುದನ್ನು ಬಿತ್ತುತ್ತಾನೆ.

ಆದುದರಿಂದ ನಮ್ಮ ಬೇಡಿಕೆಗಳು ಮೂರು. ಮೊದಲನೆಯದು: ಭತ್ತವನ್ನು ಕೊಳ್ಳುವಷ್ಟೇ ನಿಷ್ಠೆಯಿಂದ ರಾಗಿ, ಜೋಳ, ಬೇಳೆಗಳನ್ನೂ ಸರ್ಕಾರ ಕೊಳ್ಳಬೇಕು. ನಮ್ಮ ರಾಜ್ಯದಲ್ಲಿ ರಾಗಿಯ ಖರೀದಿ ನಡೆದಿದೆ. ಅದು ಆಗದ ಮಾತಲ್ಲ. ಎರಡನೆಯದು: ವಿದ್ಯುತ್ತಿನ ಸಹಾಯವು ಕುಟುಂಬಕ್ಕೆ ಮಿತಿಯಿಟ್ಟು ಸಲ್ಲಬೇಕು, ಕಡಿಮೆ ನೀರಿನ ಬೆಳೆಗೆ ತಿರುಗುವ ಸಣ್ಣ ರೈತನಿಗೆ ಮೊದಲ ವರ್ಷಗಳ ನಷ್ಟವನ್ನು ತುಂಬಿಕೊಡಬೇಕು. ಮೂರನೆಯದು: ನೆಲದಡಿಯ ನೀರು ಮೇಲಿನ ಜಮೀನಿನ ಮಾಲಿಕನ ಸ್ವಂತ ಸೊತ್ತಲ್ಲ, ಊರಿನ ಸೊತ್ತು ಎಂಬುದು ಕಾಯಿದೆಯಲ್ಲಿ ಮಾತ್ರವಲ್ಲ, ಬಾವಿ ಕೊರೆಯುವ ಜಾಗದಲ್ಲಿಯೂ ನಡೆಯಬೇಕು.

ನಮ್ಮ ಪಾಲಿನ ಕೆಲಸವೂ ಒಂದಿದೆ. ಪಡಿತರದಲ್ಲಿ ರಾಗಿಯೋ ಜೋಳವೋ ಬಂದಾಗ "ನಮಗೆ ಬಿಳಿ ಅಕ್ಕಿಯೇ ಬೇಕು" ಎಂದು ಮೂಗು ಮುರಿಯಬಾರದು. ನಮ್ಮ ಅಜ್ಜಿಯರು ಅದನ್ನು ತಿಂದೇ ಹೊಲ ಗೆದ್ದವರು.

ಆ ಶಾಲೆಯ ಕೈಪಂಪು ಈಗಲೂ ಅಲ್ಲೇ ನಿಂತಿದೆ, ತುಕ್ಕು ಹಿಡಿದು. ಮಕ್ಕಳು ಅದರ ಹಿಡಿಯನ್ನು ಹಿಡಿದು ಉಯ್ಯಾಲೆಯಾಡುತ್ತಾರೆ. ಅದರಿಂದ ನೀರು ಬರುತ್ತಿತ್ತೆಂದರೆ ನಂಬುವುದಿಲ್ಲ. ನಮ್ಮ ಮೊಮ್ಮಕ್ಕಳು ಅನ್ನದ ವಿಷಯದಲ್ಲಿ ಹಾಗೆ ಹೇಳುವಂತಾಗಬಾರದು.